ಮುಂದಿನ ವರ್ಷದ ಮೆಟ್ಟಿಲು

ದೀಪದ ಬೆಳಕು ಮೂಗಿನ ಮೇಲೆ ಬೀಳುತ್ತಿದೆ, ಕೈ ಮೇಲಲ್ಲ, ಬೆಳಿಗ್ಗೆಯೇ ದೀಪದವನಿಗೆ ಹೇಳಿದ್ದೆ, ಅಣ್ಣಾ ನನ್ನ ಮೂತಿ ಯಾರಿಗೂ ಬೇಡ, ಕೈ ಕಾಣಬೇಕು ಅಂತ, ಆಯ್ತಕ್ಕ ಆಯ್ತಕ್ಕ ಅಂದ, ಈಗ ನೋಡಿದರೆ ಮೂಗಿಗೆ ರಾಜಮರ್ಯಾದೆ, ಕೈಗೆ ಕತ್ತಲು, ಸರಿ ಬಿಡು, ಒಂದು ಹೆಜ್ಜೆ ಬಲಕ್ಕೆ ಸರಿದರಾಯಿತು — ಸರಿದೆ — ಹಾಂ, ಬಂತು, ಕಪ್ಪು ಅಂಗಿಯ ತೋಳಿನಿಂದ ಹೊರಗೆ ಎರಡು ಕೈ, ಇಡೀ ವೇದಿಕೆಯ ಮೇಲೆ ನನ್ನದು ಅಂತ ಇರುವುದು ಇಷ್ಟೇ, ಮಾತು ನನ್ನದಲ್ಲ, ಮಾತೆಲ್ಲ ಅಗೋ ಆ ಬಿಳಿಬೂಟಿನವನದು, ಕಂಪನಿ ಕಟ್ಟಿದವನು, ಆ ತುದಿಯಿಂದ ಈ ತುದಿಗೆ ಓಡಾಡಿಕೊಂಡು ಮಾತಾಡುತ್ತಾನೆ, ನಾನು ನಿಂತಲ್ಲೇ ನಿಂತು ಅವನ ಮಾತನ್ನು ಸನ್ನೆ ಭಾಷೆಗೆ ಇಳಿಸುತ್ತೇನೆ, ಕಿವಿ ಕೇಳದವರಿಗಾಗಿ, ಇದೇ ನನ್ನ ಕೆಲಸ, ಕೋರ್ಟು, ಆಸ್ಪತ್ರೆ, ಒಮ್ಮೆ ಹೆರಿಗೆ ಕೋಣೆ ಕೂಡ, ಎಲ್ಲಾ ಕಡೆ ಇದೇ ಎರಡು ಕೈ, ಮತ್ತು ವರ್ಷಕ್ಕೊಮ್ಮೆ ಈ ಕಂಪನಿಯ ಷೇರುದಾರರ ಸಭೆ. ಇವರು ಮಾಡುವುದೇನು ಅಂದರೆ ಮಾತು ಬರೆಯುವ ಕನ್ನಡಕ, ಹಾಕಿಕೊಂಡರೆ ಎದುರಿನವರು ಆಡಿದ್ದೆಲ್ಲ ಗಾಜಿನ ಮೇಲೆ ಅಕ್ಷರವಾಗಿ ಮೂಡುತ್ತದಂತೆ, ಊರು ತುಂಬಾ ಜಾಹೀರಾತು, ಬಸ್ಸಿನ ಬೆನ್ನ ಮೇಲೆ, ಸೇತುವೆ ಕೆಳಗೆ, ಹಾಲಿನ ಪ್ಯಾಕೆಟ್ಟಿನ ಮೇಲೆ ಕೂಡ, ಕನ್ನಡಕ ಮಾತ್ರ ಇನ್ನೂ ಯಾವ ಅಂಗಡಿಯಲ್ಲೂ ಇಲ್ಲ, ಲಾಭ ಅನ್ನುವುದು ಒಂದು ವರ್ಷವೂ ಇಲ್ಲ, ಷೇರು ಮಾತ್ರ ಏರುತ್ತಲೇ ಇದೆ, ಇನ್ನು ಮೇಲೆ ಕಿವಿ ಕೇಳದವರಿಗೆ ನಡುವೆ ಯಾರೂ ಬೇಕಿಲ್ಲ ಅಂದ ಬಿಳಿಬೂಟಿನವನು, ಎದೆಯುಬ್ಬಿಸಿ, ನಡುವೆ ಯಾರೂ ಅಂದರೆ ನಾನೇ ತಾನೇ, ನಾನೇ ಕೈಯಾರೆ ಹೇಳಿದೆ, ಇನ್ನು ಮೇಲೆ ಇವಳು ಬೇಕಿಲ್ಲ, ಮೊದಲ ಸಾಲಿನವರು ಅದನ್ನು ನನ್ನ ಕೈಯಲ್ಲೇ ಓದಿ ಕಿಸಕ್ಕನೆ ನಕ್ಕರು.

ಮೊದಲ ಸಾಲು ಪೂರ್ತಿ ನಮ್ಮವರು, ಕಿವಿ ಕೇಳದವರು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಕಂಪನಿಯೇ ಕರೆಸಿ ಕೂರಿಸಿದೆ, ಆಳಿಗೊಂದು ಕನ್ನಡಕ ನೋಡಲಿಕ್ಕೆ ಕೊಟ್ಟಿದ್ದಾರೆ, ಎಲ್ಲರೂ ಅದನ್ನು ಹಣೆಗೇರಿಸಿಕೊಂಡು ನನ್ನ ಕೈ ನೋಡುತ್ತಿದ್ದಾರೆ, ಪಾಪ, ಹಾಕಿಕೊಂಡು ನೋಡಿದರು ಮೊದಲು, ಅದರಲ್ಲಿ ಅಕ್ಷರ ಬರುವುದೇನೋ ಬರುತ್ತದೆ, ಸಾವಕಾಶವಾಗಿ ಬರುತ್ತದೆ, ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕು ಮುಗಿಸಿ ಮೂಗು ಒರೆಸಿಕೊಳ್ಳುವಾಗ ಜೋಕು ಬರುತ್ತದೆ. ಮತ್ತು ಆ ಸಾಲಿನ ನಡುಮಧ್ಯೆ, ನೀಲಿ ಶರಟು, ಇಸ್ತ್ರಿ ಮಾಡಿದ್ದು, ಅಯ್ಯೋ ದೇವರೇ ಕಾಲರಿನ ಗುಂಡಿ ಕೂಡ ಹಾಕಿಕೊಂಡಿದ್ದಾರೆ, ಅಪ್ಪ, ನನ್ನ ಅಪ್ಪ, ಹುಟ್ಟಿದಾಗಿನಿಂದ ಕಿವಿ ಕೇಳದವರು, ಬಡಗಿ, ಮೇಜು ಬಾಗಿಲು ಕುರ್ಚಿ, ಗರಗಸದ ಯಂತ್ರದ ಮೇಲೆ ಅಂಗೈ ಇಟ್ಟು ಇದಕ್ಕೆ ಜ್ವರ ಬಂದಿದೆ ಅನ್ನುವವರು, ಪಕ್ಕದಲ್ಲಿ ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಬೇಕಾದ್ದು ಮಾತ್ರ ಕೇಳುತ್ತದೆ, ಈ ಕಂಪನಿಯ ಷೇರು ಇಟ್ಟುಕೊಂಡು ಮನೆ ಮನೆ ಸುತ್ತಿ ಅದರ ಗುಣಗಾನ ಮಾಡುವವರು, ತೊಡೆಯ ಮೇಲೆ ಫೋನು ಅಂಗಾತ, ಇವತ್ತು ಸಂಜೆ ಟೈರ್ ಅಂಗಡಿಯವನು ಬಂದು ಅಪ್ಪನ ಬಡಗಿ ಅಂಗಡಿ ಕೊಳ್ಳುವ ಮಾತು ಪಕ್ಕಾ ಮಾಡುತ್ತಾನೆ, ಯಂತ್ರ, ಮರ, ಬಾಗಿಲು, ಬೀಗ ಸಮೇತ, ಬಂದ ದುಡ್ಡೆಲ್ಲ ಈ ಷೇರಿಗೆ, ಚಿಕ್ಕಪ್ಪನ ಫೋನಿನಿಂದಲೇ, ಅದಕ್ಕೆ ಮುಂಚೆ ಅಪ್ಪ ಒಂದು ಸಲ ಕಣ್ಣಾರೆ ನೋಡಬೇಕು ಅಂದರು, ನೋಡಲಿಕ್ಕೆ ಬಂದಿದ್ದಾರೆ, ನೋಡುತ್ತಿರುವುದು ನನ್ನನ್ನು.

ಜೊತೆಯವನಿಗೆ ಮೊದಲೇ ಹೇಳಿದ್ದೆ, ನಾವು ಇಬ್ಬರು ಸರದಿಯಲ್ಲಿ ಮಾಡುವುದು ತಾನೇ, ಒಬ್ಬರ ತೋಳು ಸೋತರೆ ಇನ್ನೊಬ್ಬರು, ಲೋ ಇವತ್ತು ಅಪ್ಪ ಬರ್ತಾರೆ ಕಣೋ ನೀನೇ ಪೂರ್ತಿ ಮಾಡು ಅಂದೆ, ಅವನು ಭುಜ ತೋರಿಸಿ, ನಿನ್ನೆ ಇಡೀ ದಿನ ಕೋರ್ಟಲ್ಲಿ ಕೈ ಎತ್ತಿ ಎತ್ತಿ ಇದು ಕಿತ್ತೋಗಿದೆ, ನಿಮ್ಮಪ್ಪ ಬಂದ್ರೆ ಏನಾಯ್ತು, ಹೇಳಿದ್ದು ಹೇಳು, ಹೇಳದ್ದು ಹೇಳ್ಬೇಡ, ಅಂದ, ಹೌದಲ್ಲ, ಅದೇ ತಾನೇ ನಮ್ಮ ನಿಯಮ, ಅವನು ಚಿನ್ನ ಅಂದರೆ ಚಿನ್ನ, ಮಣ್ಣು ಅಂದರೆ ಮಣ್ಣು, ನನಗೇನನ್ನಿಸಿತು ಅನ್ನುವುದು ಮನೆಯಲ್ಲಿಟ್ಟು ಬರಬೇಕು. ಮನೆಯಲ್ಲೂ ಇಡುವ ಹಾಗಿಲ್ಲ, ಹೋದ ವಾರ ಬಾಯಿ ತೆರೆದೆ, ಚಿಕ್ಕಪ್ಪಾ ಲಾಭವೇ ಇಲ್ಲದ ಕಂಪನಿ ಷೇರು ಯಾಕೆ ತಗೋಬೇಕು ಅಂದೆ, ಅದೇ ಕಣೇ ಮಜಾ, ಲಾಭ ಬಂದ್ಮೇಲೆ ಯಾರ್ ಬೇಕಾದ್ರೂ ತಗೋತಾರೆ, ಬರೋಕ್ಮುಂಚೆ ತಗೊಳ್ಳೋದೇ ಬುದ್ಧಿವಂತಿಕೆ, ಹಾಗಾದರೆ ಎಂದೆಂದೂ ಬರದಿದ್ದರೆ ಇನ್ನೂ ದೊಡ್ಡ ಬುದ್ಧಿವಂತಿಕೆ ಅಂತ ನಾನು, ಆಗ ಚಿಕ್ಕಪ್ಪ ಅಪ್ಪನ ಕಡೆ ತಿರುಗಿ, ಬಾಯಲ್ಲಿ ನನಗೆ, ಕೈಯಲ್ಲಿ ಅವರಿಗೆ, ನೋಡಣ್ಣಾ, ಕನ್ನಡಕ ಬಂದ್ರೆ ಇವಳ ಹೊಟ್ಟೆ ಮೇಲೆ ಹೊಡೆದ ಹಾಗೆ, ಅದಕ್ಕೇ ಅಡ್ಡಗಾಲು ಹಾಕ್ತಾಳೆ, ಅಪ್ಪ ಹುಬ್ಬೇರಿಸಿ ನನ್ನ ಕಡೆ ನೋಡಿದರು, ಹೌದಾ ಅಂತ, ಅಷ್ಟೇ, ನನ್ನ ಕೈ ಕಟ್ಟಿಹೋಯಿತು, ಇಲ್ಲ ಅಂದರೆ ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ, ಆಮೇಲೆ ಅಪ್ಪನೇ ಹೇಳಿದರು ಕನ್ನಡಕ ಯಾಕೆ ಬೇಕು ಅಂತ, ಊಟದ ಹೊತ್ತಿಗೆ, ನಾವೆಲ್ಲ ಕೈಯಲ್ಲಿ ಮಾತಾಡುವವರೇ, ಆದರೆ ಊಟಕ್ಕೆ ಕೂತರೆ ಕೈ ತಟ್ಟೆಯಲ್ಲಿ, ಮಾತು ತಾನಾಗಿ ಬಾಯಿಗೆ ಹೋಗುತ್ತದೆ, ನನ್ನ ಮಗಳು ಪುಟ್ಟಿ ಶಾಲೆಯ ಕಥೆಯೆಲ್ಲ ಅಲ್ಲೇ ಬಿಚ್ಚುತ್ತಾಳೆ, ಬಾಯ್ತುಂಬಾ ಅನ್ನ, ಬಾಯ್ತುಂಬಾ ಮಾತು, ನಾವು ಬಿದ್ದು ಬಿದ್ದು ನಗುತ್ತೇವೆ, ಅಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತಾರೆ, ಏನಂತೆ, ಏನಂತೆ, ಆಮೇಲ್ ಹೇಳ್ತೀನಿ ಅನ್ನುತ್ತೇವೆ, ಆಮೇಲೆ ಯಾರಿಗೆ ನೆನಪಿರುತ್ತದೆ. ಒಂದೇ ಒಂದು ಸಲ ಅವಳು ಹೇಳುವಾಗಲೇ ನಗಬೇಕು ನನಗೆ, ಅಂದರು ಅಪ್ಪ, ಅದಕ್ಕೆ ಅಂಗಡಿ ಹೋದ್ರೆ ಹೋಗ್ಲಿ, ಇಂಥಾ ಕಂಪನೀನ ನಾಲ್ಕು ಜನ ಕೈ ಹಿಡೀಬೇಕು ತಾನೇ, ನಾನು ತಟ್ಟೆ ತೊಳೆಯಲು ಎದ್ದೆ.

ನಷ್ಟ ಅಂದ ಬಿಳಿಬೂಟಿನವನು, ಹೋದ ವರ್ಷವೂ ನಷ್ಟ, ಹೇಳುವುದು ನೋಡಬೇಕು, ಮಗಳಿಗೆ ಬಹುಮಾನ ಬಂತು ಅನ್ನುವ ಹಾಗೆ ಹಲ್ಲು ಕಿರಿದು ಹೇಳುತ್ತಾನೆ, ಇದು ನಷ್ಟ ಅಲ್ಲ ಗೆಳೆಯರೇ, ಇದು ಬಿತ್ತನೆ, ಸರಿ, ಬಿತ್ತನೆ, ನಾನು ಗಾಳಿಯಲ್ಲಿ ಬೀಜ ಎರಚಿದೆ, ಒಳ್ಳೆ ರೈತ ಹೆಂಗಸಿನ ಹಾಗೆ, ಮೊದಲ ಸಾಲಿನ ಕೊನೆಯ ಅಜ್ಜಿ ನನ್ನನ್ನೇ ನೋಡಿ ಎಲ್ಲಿ ಬೆಳೆ ಅಂತ ಕೈ ತಿರುಗಿಸಿದರು, ಸುಮ್ಮನಿರಜ್ಜಿ ನನ್ನ ನಗಿಸಬೇಡ, ತುಟಿ ಕಚ್ಚಿಕೊಂಡೆ, ಇವನ ಮೇಲೆ ನನಗೆ ಸಿಟ್ಟೇನಿಲ್ಲ, ಸಿಟ್ಟು ಬರಬೇಕಿತ್ತು, ಬರುವುದಿಲ್ಲ, ಸಭೆಗೆ ಮುಂಚೆ ಒಳಗೆ ನೀರು ಕುಡಿಯುವಾಗ ನನಗೂ ಒಂದು ಲೋಟ ತಂದುಕೊಟ್ಟ, ನಿಮ್ಮ ಕೈ ತುಂಬಾ ಚೆಂದ ಅಕ್ಕ ಅಂದ, ಕಳ್ಳನಲ್ಲ, ಹಗಲುಗನಸಿನವನು, ತಾನು ಹೇಳಿದ್ದನ್ನು ಮೊದಲು ತಾನೇ ನಂಬುವವನು, ಅಂಥವರೇ ಕಷ್ಟ, ಕಳ್ಳನಾದರೆ ಬೈದು ಕೈ ತೊಳೆದುಕೊಳ್ಳಬಹುದು. ಮುಂದಿನ ವರ್ಷ, ಅಂದ, ಮುಷ್ಟಿಯ ಮುಂದೆ ಮುಷ್ಟಿ ಉರುಳಿಸಿದೆ, ಅದು ಮುಂದಿನ ವರ್ಷ, ಮುಂದಿನ ವರ್ಷ ಅಂಗಡಿ ಅಂಗಡಿಯಲ್ಲೂ ಕನ್ನಡಕ, ಉರುಳಿಸಿದೆ, ಮುಂದಿನ ವರ್ಷ ಎಲ್ಲಾ ಭಾಷೆಯಲ್ಲೂ, ಉರುಳಿಸಿದೆ, ಮುಂದಿನ ವರ್ಷ ಮಾತು ಬಾಯಿಂದ ಬೀಳುವ ಮೊದಲೇ ಅಕ್ಷರ — ಬೀಳುವ ಮೊದಲೇ ಹೇಗಪ್ಪಾ ಬರುತ್ತದೆ ಪುಣ್ಯಾತ್ಮ, ಹೋಗಲಿ, ಉರುಳಿಸಿದೆ, ಹಿಂದಿನ ಸಾಲುಗಳಲ್ಲಿ ಚಪ್ಪಾಳೆ, ಪ್ರತಿ ಮುಂದಿನ ವರ್ಷಕ್ಕೂ ಒಂದು ಚಪ್ಪಾಳೆ, ಚಿಕ್ಕಪ್ಪನ ಚಪ್ಪಾಳೆ ಎಲ್ಲರಿಗಿಂತ ಜೋರು, ಅಪ್ಪ ತಮ್ಮನ ಮುಖ ನೋಡುತ್ತಾರೆ, ನನ್ನ ಕೈ ನೋಡುತ್ತಾರೆ, ಮತ್ತೆ ತಮ್ಮನ ಫೋನು, ಅವರ ಹೆಬ್ಬೆರಳು ತೊಡೆಯ ಮೇಲೆ ಮರಗೆಲಸದ ಲೆಕ್ಕ ಹಾಕುವ ಹಾಗೆ ಗೆರೆ ಎಳೆಯುತ್ತಿದೆ, ಅಪ್ಪಾ ಬೇಡ, ಬೇಡ ಅಪ್ಪಾ, ಒಳಗೆ ಕೂಗುತ್ತಿದ್ದೇನೆ, ಕೈ ಮಾತ್ರ ಮುಂದಿನ ವರ್ಷ ಉರುಳಿಸುತ್ತಿದೆ, ಜೊತೆಯವನೆಲ್ಲಿ, ಕುರ್ಚಿ ಖಾಲಿ, ಚಹಾ ಕುಡಿಯಲು ಹೋಗಿದ್ದಾನೆ ಕತ್ತೆ, ತೋಳು ಸೀಸದ ಹಾಗೆ ಭಾರ, ಮತ್ತು ಗೆಳೆಯರೇ ಅಂದ, ದನಿ ತಗ್ಗಿಸಿ, ಕೈ ಎದೆಗಿಟ್ಟು, ಮುಂದಿನ ವರ್ಷ, ನಾನು ಮಾತು ಕೊಡುತ್ತೇನೆ, ಲಾಭ.

ಮತ್ತು ನನ್ನ ಕೈ ಮೆಟ್ಟಿಲು ಹತ್ತಿತು. ನಾನು ಹತ್ತಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ತಾನಾಗಿ ಹತ್ತಿತು, ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ, ಇನ್ನೊಂದರ ಮೇಲೆ ಮತ್ತೆ ಮೊದಲನೆಯದು, ಹತ್ತಿ ಹತ್ತಿ ನಡುದಾರಿಯಲ್ಲಿ ನಿಂತು, ಮೇಲಿನ ಕೈ ಮುಂದಿನ ಮೆಟ್ಟಿಲಿಗಾಗಿ ಗಾಳಿಯಲ್ಲಿ ತಡಕಾಡಿ, ಕೆನ್ನೆ ಉಬ್ಬಿಸಿ ಉಸ್ ಅಂತ ಬಿಡುವುದು, ಇದು ಸನ್ನೆ ಭಾಷೆಯಲ್ಲ, ಯಾವ ಶಾಲೆಯಲ್ಲೂ ಇದನ್ನು ಕಲಿಸುವುದಿಲ್ಲ, ಇದು ನಮ್ಮ ಮನೆಯದು, ಚಿಕ್ಕಪ್ಪನ ಮನೆಯ ಮೆಟ್ಟಿಲು, ಮನೆ ಕಟ್ಟಿದಾಗ ಮಹಡಿಗೆ ಮೆಟ್ಟಿಲು ಮಾಡಿಕೊಡ್ತೀನಿ ಬಾ ಅಂದಿದ್ದರು ಅಪ್ಪ, ಚಿಕ್ಕಪ್ಪ ಕೇಳಬೇಕಲ್ಲ, ಅಣ್ಣಾ ನಿನ್ನದು ಹಳೇ ಕಾಲದ್ದು, ನನಗೆ ಕಂಬವೇ ಇಲ್ಲದ ಮೆಟ್ಟಿಲು ಬೇಕು, ಗಾಳೀಲಿ ತೇಲೋ ಹಂಗಿರಬೇಕು, ಯಾರನ್ನೋ ಕರೆಸಿದರು, ಅರ್ಧಕ್ಕೆ ಬಂತು, ಅಲ್ಲೇ ನಿಂತಿತು, ತೇಲುತ್ತಲೇ ಇದೆ, ಚಿಕ್ಕಮ್ಮ ಅಲ್ಲಿಂದ ಮೇಲಕ್ಕೆ ಏಣಿ ಒರಗಿಸಿಕೊಂಡು ಮಹಡಿಗೆ ಹೋಗುತ್ತಾರೆ, ಯಾವಾಗ ಮುಗಿಸ್ತೀಯೋ ಅಂದರೆ ಮುಂದಿನ ವರ್ಷ ಅಣ್ಣಾ, ಪ್ರತಿ ಸಲ, ಹಾಗಾಗಿ ನಮ್ಮ ಮನೆಯಲ್ಲಿ ಆಗದ ಕೆಲಸಕ್ಕೆಲ್ಲ ಇದೇ ಸನ್ನೆ ನಿಂತಿತು, ಪುಟ್ಟಿ ಗಣಿತದಲ್ಲಿ ಪಾಸಾಗುವುದಕ್ಕೆ, ನಾನು ವ್ಯಾಯಾಮ ಶುರುಮಾಡುವುದಕ್ಕೆ, ಮಜಾ ಅಂದರೆ ಚಿಕ್ಕಪ್ಪನಿಗೆ ಇದು ತಮ್ಮದೇ ಮೆಟ್ಟಿಲು ಅಂತ ಗೊತ್ತೇ ಇಲ್ಲ, ನಮ್ಮನ್ನು ನೋಡಿ ನೋಡಿ ಅವರೂ ಕಲಿತು, ಮುಂದಿನ ವರ್ಷ ಅನ್ನಲು ಇದೂ ಒಂದು ಸನ್ನೆ ಅಂತ ತಿಳಿದು, ಹೋದ ವಾರ ಕೂಡ ಅಪ್ಪನಿಗೆ, ಅಣ್ಣಾ ಈ ಕಂಪನಿಗೆ ಲಾಭ — ಮೆಟ್ಟಿಲು ಹತ್ತಿಸಿ, ತಡಕಾಡಿ, ಉಸ್ — ತಮ್ಮ ಅಷ್ಟು ಗಂಭೀರವಾಗಿ ಹೇಳಿದಾಗ ಅಪ್ಪ ನಗಲಿಲ್ಲ, ಪಾಪ ಅವನಿಗೆ ಗೊತ್ತಿಲ್ಲ ಅಂತ ಸುಮ್ಮನಾದರು. ನನಗೆ ಗೊತ್ತು. ನನಗೆ ಗೊತ್ತು ಅನ್ನುವುದು ಅಪ್ಪನಿಗೆ ಗೊತ್ತು. ಇಷ್ಟು ಜನರ ಮುಂದೆ, ಇಷ್ಟು ದೀಪದ ಕೆಳಗೆ, ಕೈ ಇನ್ನೂ ಗಾಳಿಯಲ್ಲಿ ತಡಕಾಡುತ್ತಲೇ ಇದೆ, ಕೆನ್ನೆ ಇನ್ನೂ ಉಬ್ಬಿದೆ, ಕೆಲಸ ಹೋಯಿತು, ಇವತ್ತಿಗೆ ನನ್ನ ಕೆಲಸ ಹೋಯಿತು.

ಆಗ ಆ ನಗು. ಅಪ್ಪನ ನಗು ನೀವು ಕೇಳಿಲ್ಲ, ಅವರೂ ಕೇಳಿಲ್ಲ, ಅದಕ್ಕೇ ಅದಕ್ಕೆ ಅಳತೆ ಇಲ್ಲ, ಎದೆಯ ತಳದಿಂದ ಹೊರಡುತ್ತದೆ, ಹೋ ಅಂತ, ಮಧ್ಯೆ ಒಮ್ಮೆ ಕೀ ಅಂತ ಸಣ್ಣಗಾಗಿ ಮತ್ತೆ ಹೋ ಅಂತ, ಚಿಕ್ಕವಳಿದ್ದಾಗ ಸಿನಿಮಾ ಮಂದಿರದಲ್ಲಿ ಈ ನಗು ಬಂದರೆ ನಾನು ಕುರ್ಚಿಯ ಕೆಳಗೆ ಇಳಿಯುತ್ತಿದ್ದೆ, ಈಗ ಎಂಥ ನಗು ಅಪ್ಪಾ ಅದು, ಇಡೀ ಸಭಾಂಗಣ ಗಕ್ಕನೆ ನಿಂತಿತು, ಬಿಳಿಬೂಟು ಒಂದು ಕಾಲು ಎತ್ತಿದ್ದು ಹಾಗೇ ಎತ್ತಿ ನಿಂತಿತು, ಅಪ್ಪ ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ನನ್ನ ಕಡೆ ಬೆರಳು ಚಾಚಿ, ಪಕ್ಕದವರು ಭುಜ ತಟ್ಟಿ ಏನು ಏನು, ಅಪ್ಪ ಕೈಯಲ್ಲಿ ನಾಲ್ಕೇ ಮಾತು, ತಮ್ಮನ ಮನೆ, ಮೆಟ್ಟಿಲು, ಅರ್ಧ, ಎಷ್ಟೋ ವರ್ಷ, ಅವರು ಪಕ್ಕದವರಿಗೆ, ಅವರು ಅದರ ಪಕ್ಕದವರಿಗೆ, ನಗು ಸಾಲಿನುದ್ದ ಹರಿಯಿತು, ಬೆಳೆ ಕೇಳಿದ ಅಜ್ಜಿಯನ್ನು ಮುಟ್ಟಿತು, ಅಜ್ಜಿ ಎದ್ದೇ ನಿಂತು ಮೆಟ್ಟಿಲು ಹತ್ತಿ ತಡಕಾಡಿ ಉಸ್ ಅಂದರು, ಒಂದೇ ಸಲಕ್ಕೆ ಕಲಿತುಬಿಟ್ಟರು, ಚಿಕ್ಕಪ್ಪ ಮಾತ್ರ ಎಡಕ್ಕೂ ಬಲಕ್ಕೂ ನೋಡುತ್ತಾ, ಏನಣ್ಣಾ, ಏನಾಯ್ತು, ಅವಳು ಸರಿಯಾಗೇ ಹೇಳಿದಳಲ್ಲ ಮುಂದಿನ ವರ್ಷ ಅಂತ, ತಾವೂ ಮಾಡಿ ತೋರಿಸಿದರು, ಅಪ್ಪನಿಗೆ ಇನ್ನೂ ನಗು, ತಮ್ಮನ ಕೈ ಹಿಡಿದು, ಆ ಕೈಯನ್ನೇ ಒಂದೊಂದಾಗಿ ಮೆಟ್ಟಿಲು ಹತ್ತಿಸಿ, ನಿನ್ನ ಮನೆ ಕಣೋ ಅಂತ ಅವರ ಎದೆಗೆ ತಿವಿದರು, ಚಿಕ್ಕಪ್ಪನ ಮುಖದಲ್ಲಿ ಅದು ಇಳಿಯುವುದಕ್ಕೆ ಎಷ್ಟು ಹೊತ್ತು, ಕನ್ನಡಕದ ಅಕ್ಷರದ ಹಾಗೆ ಸಾವಕಾಶ, ಬಾಯಿ ತೆರೆಯಿತು, ಕಿವಿ ಕೆಂಪಾಯಿತು, ಇಷ್ಟು ವರ್ಷ, ನೀವೆಲ್ಲ, ನಾನೇ ಖುದ್ದಾಗಿ, ಥೂ ನಿಮ್ಮ, ಅಂದವರೇ ಮುಖ ಮುಚ್ಚಿಕೊಂಡು ನಕ್ಕುಬಿಟ್ಟರು, ಫೋನು ತೊಡೆಯಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

ಏನು ತಮಾಷೆ, ನನಗೂ ಹೇಳಿ, ಅಂದ ಬಿಳಿಬೂಟಿನವನು, ಸಿಟ್ಟಿಲ್ಲ, ನಿಜವಾಗಿ ಗೊತ್ತಾಗಬೇಕು ಅವನಿಗೆ, ನಾನು ಅದನ್ನೂ ಸನ್ನೆಗಿಳಿಸಿದೆ, ಏನು ತಮಾಷೆ, ಅಪ್ಪ ಎದ್ದರು, ಕಾಲರಿನ ಗುಂಡಿ ಬಿಚ್ಚಿದರು, ಅಯ್ಯೋ ಈಗ ಎರಡನೆಯ ಕೆಲಸ, ಅವರು ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಬೇಕು, ಅವರು ಅಂತ ಹೇಳುವ ಹಾಗಿಲ್ಲ, ನಾನು ಅಂತಲೇ ಹೇಳಬೇಕು, ಯಾರ ಕೈಯೋ ಅವರೇ ನಾನು, ಕೋರ್ಟಿನಲ್ಲಿ ಕಳ್ಳನ ಪರವಾಗಿ ನಾನು ಕದ್ದಿಲ್ಲ ಅಂದಿದ್ದೇನೆ, ಹೆರಿಗೆ ಕೋಣೆಯಲ್ಲಿ ನಾನು ಸಾಯ್ತೀನಿ ಅಂತ ಕಿರುಚಿದ್ದೇನೆ, ಕಿವಿಯ ಪಕ್ಕದ ಮೈಕು ಒತ್ತಿದೆ, ನಾನು ಬಡಗಿ, ಅಂದೆ. ನನಗೆ ಮೇಜು ಕುರ್ಚಿ ಅಂಗಡಿ ಇದೆ. ಇವತ್ತು ಸಂಜೆ ಅದನ್ನ ಮಾರಿ ನಿಮ್ಮ ಷೇರು ತಗೊಳ್ಳೋನಿದ್ದೆ. ನನ್ನ ಮೊಮ್ಮಗಳು ಊಟ ಮಾಡ್ತಾ ಮಾತಾಡ್ತಾಳೆ, ನನಗೆ ಅದು ಬೇಕಿತ್ತು. ನನ್ನ ದನಿ ಹೇಗಿದೆಯೋ ಗೊತ್ತಿಲ್ಲ, ಅಪ್ಪನ ಕೈ ಮಾತ್ರ ನಿಧಾನ, ಸ್ಪಷ್ಟ, ರಂದ ಹೊಡೆದ ಹಲಗೆಯ ಹಾಗೆ ನುಣುಪು, ನೀವು ಒಳ್ಳೆಯೋರು, ಕನ್ನಡಕ ಮಾಡಿ, ಬಂದ ದಿನ ಒಂದು ನಾನೂ ಕೊಳ್ತೀನಿ, ಅಂದೆ, ಆದ್ರೆ ನೀವು ಹೇಳಿದ್ದು ನನಗೆ ಕೇಳಿಸಲ್ಲ, ನಾನು ನೋಡಿದ್ದು ಇವಳ ಕೈ, ಹೋದ ವರ್ಷ ನಷ್ಟ ಅಂದಾಗ ಕೈ ಗಟ್ಟಿಯಾಗಿತ್ತು, ಮುಂದಿನ ವರ್ಷ ಲಾಭ ಅಂದಾಗ ಅದೇ ಕೈ ನನ್ನ ತಮ್ಮನ ಮನೆಗೆ ಹೋಯ್ತು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇನ್ಯಾರೋ, ಬಿಳಿಬೂಟಿನವನೂ ತಲೆ ಕೆರೆದುಕೊಂಡು, ಈ ಕೈ ಸುಳ್ಳು ಹೇಳಲ್ಲ, ಅಂದೆ, ನನ್ನ ಕೈಯ ಬಗ್ಗೆ ನಾನೇ ಅಂದೆ, ನಾಚಿಕೆಯಿಂದ ಸಾಯಬೇಕು ಅನ್ನಿಸಿತು, ಕುಣಿಯಬೇಕು ಅಂತಲೂ, ಹೊಟ್ಟೆಪಾಡಿಗೆ ಬೇಡ ಅಂತಾಳೆ ಅಂದುಕೊಂಡಿದ್ದೆ, ಅಲ್ಲ, ನಾನು ಅಂಗಡಿ ಮಾರಲ್ಲ — ಮತ್ತೊಮ್ಮೆ ಹೇಳಿದೆ, ಯಾರೂ ಕೇಳದಿದ್ದರೂ, ನಾನು ಅಂಗಡಿ ಮಾರಲ್ಲ. ಮೊಮ್ಮಗಳಿಗೆ ಹೇಳ್ತೀನಿ, ತುತ್ತು ಕೆಳಗಿಟ್ಟು ಕೈಯಲ್ಲಿ ಮಾತಾಡು ಪುಟ್ಟಿ, ಅನ್ನ ಆರಿದ್ರೆ ಆರ್ಲಿ.

ಚಪ್ಪಾಳೆಯೋ ಏನೋ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆ, ಮೊದಲ ಸಾಲಿನಲ್ಲಿ ಕೈಗಳೆಲ್ಲ ಮೇಲೆ, ನಮ್ಮವರ ಚಪ್ಪಾಳೆ, ಸದ್ದಿಲ್ಲದೆ ಬೆರಳಾಡಿಸುವುದು, ಜೊತೆಯವನು ಬಾಗಿಲಲ್ಲಿ ಚಹಾ ಲೋಟ ಹಿಡಿದು ಬಾಯಿ ಬಿಟ್ಟುಕೊಂಡು, ಏನಮ್ಮಾ ಮಾಡಿದೆ ಅಂತ ಹುಬ್ಬಿನಲ್ಲೇ, ಏನೂ ಮಾಡಿಲ್ಲ ಕಣೋ, ಹೇಳದ್ದನ್ನು ಹೇಳಿಬಿಟ್ಟೆ, ನಾಳೆ ಬೈಸಿಕೊಳ್ಳೋಣ, ಇವತ್ತು ಬಿಡು, ಚಿಕ್ಕಪ್ಪ ಎದ್ದು ನಿಂತು ತಪ್ಪು ತಾಳದಲ್ಲಿ ಬೆರಳಾಡಿಸುತ್ತಿದ್ದಾರೆ, ಕಣ್ಣಲ್ಲಿ ನೀರು, ನಗುವಿನದೋ ಯಾವುದರದೋ, ಅಂಗಡಿ ಇದೆ, ಯಂತ್ರ ಇದೆ, ನಾಳೆ ಬೆಳಿಗ್ಗೆ ಅಪ್ಪ ಶಟರು ಎತ್ತುತ್ತಾರೆ, ಮರದ ಪುಡಿ ಮೂಗಿಗೇರಿ ಸೀನುತ್ತಾರೆ, ನೆನೆದರೇ ಮೈ ಜುಮ್ಮೆನ್ನುತ್ತದೆ, ಒಂದು ನಿಮಿಷ, ಅಂದ ಬಿಳಿಬೂಟಿನವನು, ಇವಳು ಇವಳು ಅಂದ್ರಲ್ಲ, ಇವರು ನಿಮಗೆ ಯಾರು, ನಾನು ಕೇಳಿದೆ, ಅವನ ಮಾತನ್ನು ಅಪ್ಪನಿಗೆ, ಇವಳು ನಿಮಗೆ ಯಾರು, ಅಪ್ಪ ಉತ್ತರ ಕೊಡಲು ಎರಡು ಕೈ ಎತ್ತಲಿಲ್ಲ, ಒಂದೇ ಬೆರಳು, ನನ್ನ ಕಡೆಗೆ, ಆಮೇಲೆ ಅದೇ ಬೆರಳು ತಮ್ಮ ಎದೆಗೆ, ಮತ್ತೆ ನನ್ನ ಕಡೆಗೆ, ಹೇಳಬೇಕು, ಎಲ್ಲರೂ ಕಾಯುತ್ತಿದ್ದಾರೆ, ನಾನು ಅಂತಲೇ ಹೇಳಬೇಕು, ನನ್ನದೇ ಬಾಯಲ್ಲಿ ನನ್ನನ್ನೇ, ಇವಳು ನನ್ನ ಮಗಳು, ಅಂದೆ ಮೈಕಿಗೆ, ಇವಳು ನನ್ನ ಮಗಳು, ಇನ್ನೇನಾದರೂ ಹೇಳುತ್ತಾರೇನೋ ಅಂತ ನೋಡುತ್ತಿದ್ದೇನೆ, ಹೇಳುತ್ತಿಲ್ಲ, ಆ ಬೆರಳು, ಉಗುರಿನ ಅಂಚಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಮರದ ಬಣ್ಣ, ನನ್ನ ಕಡೆಗೆ, ಇಳಿಸುತ್ತಿಲ್ಲ, ಆ ಬೆರಳು —